ಉರಿಯ ಸಾಲು

ಬೆರಳಿಗೆ ಏನೂ ತಾಗದಿದ್ದಾಗಲೂ ಏನೋ ತಾಗಿತೆಂದು ನರ ಸುಳ್ಳು ಹೇಳುವುದುಂಟು. ಆ ಸುಳ್ಳು ಮಿದುಳನ್ನು ಮುಟ್ಟುವ ಮೊದಲೇ ಅದನ್ನು ಕುತ್ತಿಗೆಯ ಹತ್ತಿರ ತಡೆದು ನಿಲ್ಲಿಸಿದರೆ ಹೇಗೆ? ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ಅನಸೂಯಾ ಹೊಂಬಳ ಎಂಬ ಎಂಜಿನಿಯರ್ ಈ ಪ್ರಶ್ನೆಯ ಬೆನ್ನು ಹತ್ತಿ ಹನ್ನೊಂದು ವರ್ಷ ಕಳೆದಳು. ಕೊನೆಗೆ ಕೈಗೆ ಬಂದದ್ದು ಒಂದು ಪಟ್ಟಿ. ಬೆರಳಗಲದ್ದು, ಕುತ್ತಿಗೆಯ ಹಿಂದೆ ಚರ್ಮದ ಕೆಳಗೆ ಕೂರುವಂಥದು. ಅದರಿಂದ ಕೂದಲೆಳೆಯಂಥ ತಂತಿಗಳು ನರದ ಬೇರಿನವರೆಗೆ ಇಳಿಯುತ್ತವೆ. ಪ್ರಯೋಗಾಲಯದ ಕಾಗದಗಳಲ್ಲಿ ಅದಕ್ಕೆ ಉದ್ದವಾದ ಹೆಸರಿತ್ತು. ಹಾಕಿಸಿಕೊಂಡವರು ಅದನ್ನು ಜರಡಿ ಎಂದರು. ಹಿಟ್ಟನ್ನು ಬಿಡುತ್ತದೆ, ತೌಡನ್ನು ಹಿಡಿಯುತ್ತದೆ. ಆ ಹೆಸರೇ ನಿಂತಿತು.

ಬ್ಯಾಡಗಿಯಲ್ಲಿ ಜರಡಿ ಹಾಕಿಸಿಕೊಂಡವರಲ್ಲಿ ಹೊಳೆವ್ವ ಮೊದಲನೆಯವಳು. ಆಗ ಅವಳಿಗೆ ಐವತ್ತೆಂಟು. ಗೋದಾಮಿನಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಸೇರಿ ಮೂವತ್ತನಾಲ್ಕು ವರ್ಷವಾಗಿತ್ತು. ಆ ಕೆಲಸದಲ್ಲಿ ಹೆಂಗಸರು ಗೋಣಿಚೀಲ ಹಾಸಿಕೊಂಡು ಸಾಲಾಗಿ ಕೂರುತ್ತಾರೆ. ಬೆಳಿಗ್ಗೆ ಬಗ್ಗಿಸಿದ ಕುತ್ತಿಗೆಯನ್ನು ಎತ್ತುವುದು ಊಟಕ್ಕೆ, ಆಮೇಲೆ ಎತ್ತುವುದು ಮನೆಗೆ ಹೋಗುವಾಗ. ಕುತ್ತಿಗೆಯ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಎಳೆಯ ವಯಸ್ಸಿನಲ್ಲಿ ಅವು ಹಸಿ ಕೊಬ್ಬರಿಯ ಹಾಗೆ, ವಯಸ್ಸಾದಂತೆ ಒಣ ಕೊಬ್ಬರಿಯ ಹಾಗೆ. ಬಿಲ್ಲೆ ಒಣಗಿ ತೆಳುವಾದಾಗ ಮಣಿಗಳು ಒಂದರ ಮೇಲೊಂದು ಕೂರುತ್ತವೆ, ಅಂಚಿನಲ್ಲಿ ಎಲುಬು ಮುಳ್ಳಿನಂತೆ ಬೆಳೆಯುತ್ತದೆ, ನರ ಹೊರಬರುವ ಕಿಂಡಿ ಇಕ್ಕಟ್ಟಾಗುತ್ತದೆ. ಹೊಳೆವ್ವನ ಕುತ್ತಿಗೆಯಲ್ಲಿ ಎರಡೂ ಬದಿಗೆ ಮೂರು ಮೂರು ಕಿಂಡಿಗಳು ಹೀಗಾಗಿದ್ದವು.

ಇದು ಯಾರಿಗೂ ತಿಳಿದಿರಲಿಲ್ಲ. ಮೊದಲು ಬೆರಳಿಗೆ ಜೋಮು ಬಂತು. ಆಮೇಲೆ ಅಂಗೈಯಲ್ಲಿ ಇರುವೆ ಹರಿದಂತೆ ಆಗತೊಡಗಿತು. ಒಮ್ಮೊಮ್ಮೆ ಭುಜದಿಂದ ಬೆರಳತುದಿಯವರೆಗೆ ಛಳಕು ಹೊಡೆಯುತ್ತಿತ್ತು. ಕಡೆಗೆ ಉರಿ ಬಂತು, ಬಂದದ್ದು ಹೋಗಲಿಲ್ಲ. ಹೊಳೆವ್ವ ಕೈಗೆ ಎಣ್ಣೆ ಹಚ್ಚಿದಳು, ಮಜ್ಜಿಗೆಯಲ್ಲಿ ಅದ್ದಿದಳು, ಬೆಲ್ಲದ ನೀರಿನಲ್ಲಿ ತೊಳೆದಳು. ಮೆಣಸಿನಕಾಯಿಯ ಊರಿನಲ್ಲಿ ಕೈ ಉರಿದರೆ ಯಾರೂ ಕುತ್ತಿಗೆ ನೋಡುವುದಿಲ್ಲ. ಹಾಗೆ ಆರು ವರ್ಷ ಹೋಯಿತು.

ಅವಳಿಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಕೂಲಿ ಇಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎರೆಯುವವಳು ಅವಳೇ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಬಿಸಿನೀರು ಹೊಯ್ಯುವುದು. ನೋಡಲು ಸುಲಭ. ಎಣ್ಣೆ ಹಚ್ಚಿದ ಕೂಸು ಒದ್ದೆಯಾದ ಮೇಲೆ ಮೀನಿನಂತೆ ಜಾರುತ್ತದೆ. ನೀರಿನ ಹದ ತಪ್ಪಿದರೆ ಬಾಯಿಲ್ಲದ ಜೀವ ಅಳುವುದೊಂದನ್ನೇ ಬಲ್ಲದು, ಅದು ಹೇಗಿದ್ದರೂ ಅಳುತ್ತದೆ. ಆದ್ದರಿಂದ ಎಲ್ಲವೂ ಎರೆಯುವವಳ ಕೈಗೆ ಬಿಟ್ಟದ್ದು. ಹೊಳೆವ್ವನ ಕೈಯಿಂದ ನೀರು ಹೊಯ್ಯಿಸಿಕೊಂಡವರು ಈಗ ಆ ಓಣಿಯಲ್ಲಿ ಮೀಸೆ ತಿರುವುತ್ತ ಓಡಾಡುತ್ತಾರೆ.

ಒಂದು ದಿನ ಗದ್ದಿಗೇರ ಮನೆಯ ಕೂಸು ಅವಳ ಎಡಗೈಯಿಂದ ಒಂದು ಗೇಣು ಜಾರಿತು. ಬೀಳಲಿಲ್ಲ. ಯಾರೂ ನೋಡಲಿಲ್ಲ. ಮರುದಿನದಿಂದ ಹೊಳೆವ್ವ ಎರೆಯಲು ಹೋಗುವುದನ್ನು ಬಿಟ್ಟಳು.

ಗೋದಾಮಿನಲ್ಲಿ ಅವಳ ಪಕ್ಕ ಕೂರುವ ಖಾಸಿಂಬಿ ಐದನೆಯ ದಿನ ಕೇಳಿದಳು.

“ಹೊಳೆವ್ವಕ್ಕ, ಗದ್ದಿಗೇರ ಮನಿಗೆ ಎರಿಯಾಕ ಯಾಕ ಹೋಗವಲ್ಲಿ?”

“ಸೊಂಟ ಹಿಡದೈತಿ.”

“ಸೊಂಟ ಹಿಡದಾಕಿ ಮುಂಜಾನೆ ಚೀಲ ಎತ್ತಿ ಒಗದಿ. ಸುಳ್ಳ ಹೇಳೂದಾದ್ರ ನೆಟ್ಟಗ ಹೇಳು.”

ಹೊಳೆವ್ವ ಕೈಯಲ್ಲಿದ್ದ ಒಂದು ಹಿಡಿ ಕಾಯಿಯ ತೊಟ್ಟು ಮುರಿದು ಮುಗಿಸಿದಳು.

“ಕೈಗೆ ಕೂಸು ತಿಳೀವಲ್ದು, ಖಾಸಿಂಬಿ.”

“ಹಂಗಂದ್ರ?”

“ಹಿಡದೀನಿ ಅಂತ ಕಣ್ಣು ಹೇಳತೈತಿ. ಕೈ ಹೇಳವಲ್ದು.”

“ಮತ್ತ ನಿನ್ನ ಮಗಳ ಹೆರಿಗಿ ಮುಂದ ಐತಲ್ಲ.”

“ಅದನ್ನ ವಿಚಾರ ಮಾಡಾಕತ್ತೀನಿ.”

ಮಗಳು ಶಿವಲೀಲಾ ಆಗ ಐದು ತಿಂಗಳ ಬಸುರಿ, ಚೊಚ್ಚಲು. ರಾಣೆಬೆನ್ನೂರಿನಲ್ಲಿ ಒಂದು ಕೋಲ್ಡ್ ಸ್ಟೋರೇಜಿನ ಖೋಲಿಗಳ ಉಷ್ಣಾಂಶ ನೋಡಿ ಬರೆಯುವ ನೌಕರಿ ಅವಳದು. ಹೆರಿಗೆಗೆ ತವರಿಗೆ ಬರುವವಳಿದ್ದಳು. ಓಣಿಯ ಕೂಸುಗಳಿಗೆಲ್ಲ ಎರೆದ ಕೈ ಸ್ವಂತ ಮೊಮ್ಮಗುವಿನ ಹೊತ್ತಿಗೆ ಕೆಲಸಕ್ಕೆ ಬಾರದೆ ಹೋಗುವುದೆಂದರೆ ಏನೆಂದು ಹೊಳೆವ್ವ ಯಾರಿಗೂ ಬಿಡಿಸಿ ಹೇಳಲಿಲ್ಲ. ಪ್ರಯೋಗಾಲಯದವರು ಗೋದಾಮಿಗೆ ಬಂದು ಕೈ ಕುತ್ತಿಗೆ ನೋವಿನವರ ಹೆಸರು ಕೇಳಿದಾಗ ಎದ್ದು ಹೋಗಿ ಬರೆಸಿ ಬಂದಳು.

ಹುಬ್ಬಳ್ಳಿಯಲ್ಲಿ ಅನಸೂಯಾ ಅವಳ ಕುತ್ತಿಗೆಯ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಳು.

“ನಿಮ್ಮ ಕೈಗೆ ಏನೂ ಆಗಿಲ್ಲ, ಹೊಳೆವ್ವಾರ. ಕೈ ಚಲೋ ಐತಿ. ಇಲ್ಲಿ ನೋಡ್ರಿ, ನರ ಸಿಕ್ಕೊಂಡೈತಿ.”

“ಬಾಗಲ ಸಂದ್ಯಾಗ ಸೆರಗು ಸಿಕ್ಕಂಗ?”

“ಹೂಂ, ಹಂಗ.”

“ಮತ್ತ ಉರಿ ಕೈಯಾಗ್ಯಾಕ ಬರ್ತೈತ್ರಿ?”

“ಆ ನರದ ತುದಿ ಕೈಯಾಗ ಐತಿ. ನಡುವ ಎಲ್ಲಿ ಚಿವುಟಿದ್ರೂ ಮಿದುಳು ಕೈಯಿಂದ ಬಂತು ಅಂತನ ತಿಳಕೋತೈತಿ.”

ಹೊಳೆವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು. “ಆರು ವರ್ಷ ಎಣ್ಣಿ ಕೈಗೆ ಹಚ್ಚೇನಿ,” ಎಂದಳು.

ಕೊಯ್ದು ಸರಿಮಾಡಬಹುದೇ ಎಂದರೆ, ಆರು ಕಡೆ ಕೊಯ್ಯಬೇಕು, ಮೇಲಾಗಿ ಸಕ್ಕರೆ ಕಾಯಿಲೆ, ಆಗದು ಎಂದು ಚಿತ್ರ ನೋಡಿದ ಶಸ್ತ್ರವೈದ್ಯರು ಅನಸೂಯಾಳಿಗೆ ಮೊದಲೇ ಹೇಳಿದ್ದರು. ಜರಡಿಯ ದಾರಿ ಬೇರೆ. ಗಿರಣಿಯಲ್ಲಿ ನಿಂತಾಗ ಪಕ್ಕದವರು ಕರೆದರೆ ಕೇಳಿಸುವುದಿಲ್ಲ. ಕಿವಿ ಕೆಟ್ಟಿದೆ ಎಂದಲ್ಲ, ಗದ್ದಲ ಹೆಚ್ಚು. ಚಿವುಟಿದ ನರವೂ ಹಾಗೆ ಗದ್ದಲ ಮಾಡುತ್ತದೆ. ಆ ಗದ್ದಲದಲ್ಲಿ ಬೆರಳು ಕಳಿಸಿದ ನಿಜವಾದ ಸುದ್ದಿ ಮುಚ್ಚಿಹೋಗುತ್ತದೆ. ಜರಡಿ ಗದ್ದಲಕ್ಕೆ ಸರಿಯಾಗಿ ಎದುರುಸದ್ದು ಹಾಕಿ ಅದನ್ನು ಅಳಿಸುತ್ತದೆ. ಉಳಿದದ್ದು ನಿಜ. ಪರದೆಯ ಮೇಲೆ ಒಂದೊಂದು ಬಗೆಯ ಸುದ್ದಿಗೂ ಒಂದೊಂದು ಸಾಲಿತ್ತು. ಸ್ಪರ್ಶದ ಸಾಲು, ಜೋಮಿನ ಸಾಲು, ಉರಿಯ ಸಾಲು, ತಂಪಿನ ಸಾಲು.

ಆದರೆ ಯಾವುದು ಗದ್ದಲ ಎಂದು ಜರಡಿಗೆ ಮೊದಲು ಕಲಿಸಬೇಕು. ಅದಕ್ಕೆಂದೇ ಒಂದು ದಿನ. ಮೈಯಷ್ಟೇ ಬೆಚ್ಚಗಿನ ನೀರಿನಲ್ಲಿ ಎರಡೂ ಕೈ ಅದ್ದಿಕೊಂಡು ಒಂದು ತಾಸು ಅಲುಗದೆ ಕೂರುವುದು. ಕೈಗೆ ಆಗ ಏನೂ ತಾಗುತ್ತಿರುವುದಿಲ್ಲ. ಆ ತಾಸಿನಲ್ಲಿ ನರ ಏನೇನು ಹೇಳುತ್ತದೋ ಅದೆಲ್ಲ ಸುಳ್ಳು ಎಂದು ಜರಡಿ ಬರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಹೆಂಗಸರಿಗೆ ಇನ್ನೊಂದು ಕಟ್ಟಳೆ. ಕಲಿಕೆಗೆ ಮೊದಲು ಮೂರು ದಿನ ಗೋದಾಮಿಗೆ ಹೋಗಕೂಡದು.

ಹೊಳೆವ್ವ ಮೂರು ದಿನ ಗೋದಾಮಿನ ಕಡೆ ಸುಳಿಯಲಿಲ್ಲ. ಪಟ್ಟಿ ಕೂರಿಸಿದ ಗಾಯ ಒಣಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಬೇಗ ಎದ್ದು ಜೋಳದ ರೊಟ್ಟಿ ತಟ್ಟಿದಳು. ಹಸಿಯ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಒಳಕಲ್ಲಿಗೆ ಹಾಕಿ ರಂಜಕ ರುಬ್ಬಿದಳು. ಬ್ಯಾಡಗಿ ಕಾಯಿಗೆ ಬಣ್ಣವೇ ಹೊರತು ಖಾರ ಸಾಲದೆಂದು ಗುಂಟೂರಿನ ಕಾಯಿ ಬೆರೆಸಿದಳು. ಗುಂಡು ತಿರುಗಿದಂತೆಲ್ಲ ಮಸಾಲೆಯನ್ನು ಬೆರಳಿಂದ ಒಳಗೆ ತಳ್ಳಬೇಕು, ತಳ್ಳಿದಳು. ಇಷ್ಟು ಉಪಕಾರ ಮಾಡುವವರ ಮನೆಗೆ ಬರಿಗೈಯಲ್ಲಿ ಹೋಗುವುದು ಅವಳಿಗೆ ತಿಳಿಯದ ಸಂಗತಿ. ಗೋದಾಮಿನದು ಕೆಲಸ, ಇದು ಅಡುಗೆ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಅವಳು ಎಂದೂ ಯೋಚಿಸಿರಲಿಲ್ಲ. ಕೈ ಎರಡು ಸಲ ತೊಳೆದು ಬಸ್ಸು ಹತ್ತಿದಳು.

“ಮೂರು ದಿನದಾಗ ಗೋದಾಮಕ್ಕ ಹೋಗಿಲ್ಲಲ್ರಿ?” ಎಂದು ಅನಸೂಯಾ ಕೇಳಿದಳು.

“ಇಲ್ರಿ ಮೇಡಮ್ಮಾರ. ಆ ಕಡೆ ಮಾರಿನೂ ಮಾಡಿಲ್ಲ.”

ಕೈ ನೀರಿಗಿಳಿಯಿತು. ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಅನಸೂಯಾಳ ಸಹಾಯಕ ವಿರೂಪಾಕ್ಷ ಬುತ್ತಿಯ ಗಂಟು ಬಿಚ್ಚಿ ಆಚೆಯ ಮೇಜಿನ ಮೇಲಿಟ್ಟ. ಹೊತ್ತು ಹನ್ನೊಂದಾಗಿತ್ತು, ಯಾರೂ ತಿಂಡಿ ತಿಂದಿರಲಿಲ್ಲ.

“ಈ ರಂಜಕ ತಿಂದವರು ಸತ್ಯ ಹೇಳ್ತಾರ ನೋಡ್ರಿ,” ಎಂದ ವಿರೂಪಾಕ್ಷ, ಕಣ್ಣು ಒರೆಸಿಕೊಳ್ಳುತ್ತ.

“ಮೊಸರಿನ ಕೂಡ ತಿನ್ನಪಾ,” ಎಂದಳು ಹೊಳೆವ್ವ, ಕೈ ಅಲುಗಿಸದೆ.

ಅನಸೂಯಾ ಎಡಗೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಪರದೆ ನೋಡುತ್ತಿದ್ದಳು. ಉರಿಯ ಸಾಲು ಬಹಳ ಎತ್ತರದಲ್ಲಿ ಓಡುತ್ತಿತ್ತು. “ಕೈಯಾಗ ಈಗ ಏನರ ಅನಸ್ತದೇನ್ರಿ?”

“ದಿನಾ ಇರೂದ ಐತ್ರಿ.”

ನರದ ಬೇರಿನ ಮೇಲೆ ಒತ್ತಡ ತೀವ್ರ ಎಂದು ಅನಸೂಯಾ ಬರೆದಳು. ಅವಳ ನಾಲಗೆಯೂ ಆಗ ಉರಿಯುತ್ತಿತ್ತು. ನೀರು ಕುಡಿದಳು.

ಅಂದು ಸಂಜೆ ಜರಡಿಯನ್ನು ಚಾಲೂ ಮಾಡಿದರು. ಹೊಳೆವ್ವ ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸೀರೆಯ ನೂಲು ಬೆರಳಿಗೆ ಸಿಕ್ಕಿತು. ಅಂಚಿನ ಜರಿ ಬೇರೆ, ಮೈಯ ನೂಲು ಬೇರೆ ಎಂದು ತಿಳಿಯಿತು. ಉರಿ ಇರಲಿಲ್ಲ. “ಯಾರೋ ಬಾಯಿ ಮುಚ್ಚಿದಂಗಾತು,” ಎಂದಳು.

ಅಲ್ಲಿಂದ ಮೂರು ತಿಂಗಳು ಅವಳು ಚೆನ್ನಾಗಿ ನಿದ್ದೆ ಮಾಡಿದಳು. ಗೋದಾಮಿನಲ್ಲಿ ಒಂದು ಚೀಲ ಹೆಚ್ಚು ಮುಗಿಸುತ್ತಿದ್ದಳು. ಕೈ ಉರಿಯುತ್ತಿಲ್ಲವೆಂದು ಹೇಳಿದಾಗ ಖಾಸಿಂಬಿ, “ಮೆಣಸಿನಕಾಯಿಗೂ ನೀನು ಅಂದ್ರ ಅಂಜಿಕಿ ಬಂತೇನ,” ಎಂದು ನಕ್ಕಳು. ಇಬ್ಬರಿಗೂ ಅದು ಜರಡಿಯ ಗುಣವೆಂದೇ ಅನಿಸಿತು. ಒಂದೆರಡು ಸಲ ರೊಟ್ಟಿ ಬೇಯಿಸುವಾಗ ಬೆರಳತುದಿ ಬೆಂದು ಬೊಬ್ಬೆ ಎದ್ದಿತ್ತು. ರೊಟ್ಟಿ ಮಾಡುವವರ ಬೆರಳಿಗೆ ಬೊಬ್ಬೆ ಹೊಸದೇನಲ್ಲ. ಓಣಿಯ ಕೂಸುಗಳಿಗೆ ಎರೆಯಲು ಮಾತ್ರ ಇನ್ನೂ ಹೋಗಿರಲಿಲ್ಲ. ಮೊದಲು ಸ್ವಂತ ಮನೆಯದು ಆಗಲಿ ಎಂದುಕೊಂಡಿದ್ದಳು.

ಶಿವಲೀಲಾ ಹೆತ್ತಳು. ಹೆಣ್ಣು. ಆಸ್ಪತ್ರೆಯಿಂದ ಮನೆಗೆ ಬಂದು, ಹೊಕ್ಕಳು ಉದುರಿ, ಎರೆಯುವ ದಿನ ಬಂತು. ಹೊಳೆವ್ವ ಬಚ್ಚಲೊಲೆಗೆ ಸೌದೆ ಒಟ್ಟಿ ಹಂಡೆ ಕಾಯಿಸಿದಳು. ಮಣೆ ಹಾಕಿಕೊಂಡು, ಸೀರೆ ಮೇಲೆ ಸಿಕ್ಕಿಸಿ, ಕಾಲು ನೀಡಿ ಕೂತಳು. ಬಕೆಟ್ಟಿನಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸಿ ಕೈ ಅದ್ದಿ ನೋಡಿದಳು. ಆರಿದ ನೀರು ಎನಿಸಿತು. ಇನ್ನೆರಡು ತಂಬಿಗೆ ಹಂಡೆಯಿಂದ ಸುರಿದಳು. ಮತ್ತೆ ಅದ್ದಿದಳು. ಸಾಲದು ಎನಿಸಿತು. ಇನ್ನೊಂದು ಸುರಿದಳು. ಹಬೆ ಏಳುತ್ತಿತ್ತು. ಬಾಣಂತಿಯ ಬಚ್ಚಲಲ್ಲಿ ಹಬೆ ಯಾವಾಗಲೂ ಇರುತ್ತದೆ.

ಶಿವಲೀಲಾ ಎಣ್ಣೆ ಹಚ್ಚಿದ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಕೊಡ್ಲೇನ ಬೇ?”

“ತಡಿ. ಕಾಲು ಬೆಚ್ಚಗಾಗ್ಲಿ.”

ಮೊದಲ ತಂಬಿಗೆ ಯಾವಾಗಲೂ ಎರೆಯುವವಳ ಕಾಲಿಗೆ. ತಣ್ಣನೆಯ ಕಾಲಿನ ಮೇಲೆ ಮಲಗಿಸಿದರೆ ಕೂಸು ಬೆಚ್ಚುತ್ತದೆ. ಹೊಳೆವ್ವ ತುಂಬಿದ ತಂಬಿಗೆಯನ್ನು ತನ್ನ ಮೊಣಕಾಲ ಕೆಳಗೆ ಉದ್ದಕ್ಕೂ ಹೊಯ್ದಳು. ಕಾಲು ತಾನಾಗಿ ಮಡಚಿಕೊಂಡಿತು. ತಂಬಿಗೆ ಉರುಳಿತು.

“ಕೂಸು ಕೊಡಬ್ಯಾಡ,” ಎಂದಳು. ಆಮೇಲೆ ಮತ್ತೆ, “ಒಳಗ ಒಯ್ಯಿ,” ಎಂದಳು.

ಶಿವಲೀಲಾ ಕೂಸನ್ನು ತೊಟ್ಟಿಲಿಗೆ ಹಾಕಿ ಬಂದು, ತನ್ನ ನೌಕರಿಯ ಚೀಲದಲ್ಲಿದ್ದ ಉಷ್ಣಮಾಪಕದ ಕಡ್ಡಿಯನ್ನು ಬಕೆಟ್ಟಿಗೆ ಇಳಿಸಿದಳು. ಐವತ್ತೆಂಟು ಡಿಗ್ರಿ ಇತ್ತು. ತಾಯಿಯ ಕಾಲಿನ ಮೇಲೆ ಚರ್ಮ ಕೆಂಪಾಗಿ ಉಬ್ಬುತ್ತಿತ್ತು. ಹೊಳೆವ್ವ ಅದನ್ನು ನೋಡುತ್ತಿರಲಿಲ್ಲ. ಆಗತಾನೇ ಮತ್ತೆ ಬಕೆಟ್ಟಿಗೆ ಅದ್ದಿದ ತನ್ನ ಕೈಯನ್ನು ನೋಡುತ್ತಿದ್ದಳು. ಶಿವಲೀಲಾ ಅದನ್ನು ಹಿಡಿದು ಹೊರಗೆಳೆದಳು.

“ಕೂಸಿನ ಮ್ಯಾಲ ಬಿದ್ದಿದ್ರ?”

ಹೊಳೆವ್ವ ಉರುಳಿದ ತಂಬಿಗೆಯನ್ನು ಎತ್ತಿ ನೆಟ್ಟಗಿಟ್ಟಳು.

“ನಾಳಿಂದ ನಾನ ಎರಿತೀನಿ.”

“ಹಸಿ ಬಾಣಂತಿ ಬಗ್ಗಬಾರದು.”

“ಹಂಗಾದ್ರ ಒರಸ್ತೀನಿ. ಇಲ್ಲಾ ಖಾಸಿಂಬಿ ಮಾಂಶಿನ್ನ ಕರೀತೀನಿ. ನೀ ಮಾತ್ರ ಬ್ಯಾಡ ಬೇ.”

ಆ ವಾರವಿಡೀ ಕೂಸಿಗೆ ಒದ್ದೆಬಟ್ಟೆಯಲ್ಲಿ ಮೈ ಒರೆಸಿದರು. ಶಿವಲೀಲಾ ಜಗಳವಾಡಲಿಲ್ಲ. ತಾಯಿ ಕೂಸನ್ನು ಎತ್ತಿಕೊಳ್ಳುವಾಗ ಮಾತ್ರ ಹತ್ತಿರ ಬಂದು ನಿಲ್ಲುತ್ತಿದ್ದಳು. ತಾಯಿ ಹಾಲು ಕಾಯಿಸಿ ತಂದರೆ ಲೋಟವನ್ನು ತಾನೊಮ್ಮೆ ಮುಟ್ಟಿ ನೋಡುತ್ತಿದ್ದಳು. ಹೊಳೆವ್ವ ಅದನ್ನು ಕಂಡೂ ಕಾಣದಂತೆ ಇದ್ದಳು. ಕಾಲಿನ, ಕೈಯ ಬೊಬ್ಬೆಗಳು ಒಣಗಿದ ಮೇಲೆ ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಪ್ರಯೋಗಾಲಯದಲ್ಲಿ ಅನಸೂಯಾ ಅವಳ ಬೆರಳುಗಳನ್ನು ಒಂದಾದ ಮೇಲೊಂದು ಬಿಸಿ ತಗಡಿಗೆ ತಾಗಿಸಿ ನೋಡಿದಳು. ಬೆರಳಿಂದ ಸುದ್ದಿ ಹೊರಡುತ್ತಿತ್ತು. ಕುತ್ತಿಗೆಯಲ್ಲಿ ಜರಡಿ ಅದನ್ನು ಸುಳ್ಳೆಂದು ಅಳಿಸುತ್ತಿತ್ತು. ಕಲಿಕೆಯ ದಿನದ ದಾಖಲೆ ತೆಗೆದಳು. ಉರಿಯ ಸಾಲು ಎತ್ತರದಲ್ಲಿ ಓಡಿತ್ತು. ಬೇರಿನ ಒತ್ತಡಕ್ಕೆ ಇಷ್ಟು ಎತ್ತರ ಹೆಚ್ಚು ಎಂದು ಈಗ ಕಂಡಿತು.

“ಹೊಳೆವ್ವಾರ, ಆವತ್ತ ರಂಜಕ ತಂದಿದ್ರಲ್ಲ, ಅದನ್ನ ಯಾವಾಗ ಮಾಡಿದ್ರಿ?”

“ಅವತ್ತ ಮುಂಜಾನೇನ ರೀ. ಹಳೇದು ತರ್ತಾರೇನ್ರಿ?”

“ಕೈಲೆ?”

“ಒಳಕಲ್ಲಿಗೆ ಕೈ ಹಚ್ಚದ ಹೆಂಗ ಆಗತೈತ್ರಿ?”

ಅನಸೂಯಾ ಕುರ್ಚಿಗೆ ಒರಗಿದಳು. ಚರ್ಮದಲ್ಲಿ ಬಿಸಿಗೆ ಒಂದು ಬಾಗಿಲಿದೆ. ಮೆಣಸಿನ ಖಾರ ತಟ್ಟುವುದೂ ಅದೇ ಬಾಗಿಲನ್ನು. ಒಳಗಿರುವವರಿಗೆ ಯಾರು ತಟ್ಟಿದರೆಂದು ತಿಳಿಯದು. ಇದು ಅವಳು ಕಾಲೇಜಿನಲ್ಲೇ ಓದಿದ್ದ ಪಾಠ. ಅಂದು ನೀರಿನಲ್ಲಿ ಅದ್ದಿದ ಕೈಗಳಲ್ಲಿ ಖಾರ ಇತ್ತು, ಅದು ಬಾಗಿಲನ್ನು ಒಂದು ತಾಸು ತಟ್ಟುತ್ತಲೇ ಇತ್ತು. ಆ ತಟ್ಟುವಿಕೆಯನ್ನು ಸುಳ್ಳೆಂದು ಜರಡಿಗೆ ಕಲಿಸಿದವಳು ತಾನೇ.

“ಮೂರು ದಿನದ ಗೋದಾಮು ಕೇಳಿದ್ವಿ. ಅಡಗಿಮನಿ ಕೇಳಲಿಲ್ಲ,” ಎಂದಳು.

“ತಿಂದವರೂ ನಾವ,” ಎಂದ ವಿರೂಪಾಕ್ಷ ಮೆಲ್ಲಗೆ.

ಹೊಳೆವ್ವನಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಕೇಳಿದ್ದು ಒಂದೇ. “ಈಗ ಹೆಂಗ್ರಿ?”

ಮತ್ತೊಮ್ಮೆ ಕಲಿಸಲು ಬರುವಂತಿರಲಿಲ್ಲ. ಜರಡಿ ಕಲಿಯುವುದು ತಂತಿ ಹೊಸದಾಗಿದ್ದಾಗ ಒಂದೇ ಸಲ, ಈಗ ತಂತಿಗಳ ಸುತ್ತ ಮಾಂಸ ಕೂಡಿಕೊಂಡಿತ್ತು. ಪಟ್ಟಿ ತೆಗೆದು, ಗಾಯ ಮಾಯಲು ಬಿಟ್ಟು, ಹೊಸದು ಕೂರಿಸಿ ಕಲಿಸುವ ಹೊತ್ತಿಗೆ ಒಂದು ವರ್ಷ. ಅಷ್ಟರಲ್ಲಿ ಕೂಸು ನಡೆಯುತ್ತಿರುತ್ತದೆ. ಈಗ ಕೈಯಲ್ಲಿರುವುದು ಒಂದೇ ಉಪಾಯ. ಉರಿಯ ಸಾಲನ್ನು ಇಡಿಯಾಗಿ ಮುಚ್ಚಬಹುದು, ಇಲ್ಲವೆ ಇಡಿಯಾಗಿ ತೆರೆಯಬಹುದು.

“ಮುಚ್ಚೇ ಇಟ್ರ ಉರಿ ಇಲ್ಲ, ಬಿಸಿನೂ ತಿಳಿಯೂದಿಲ್ಲ,” ಎಂದು ಅನಸೂಯಾ ವಿವರಿಸಿದಳು. “ತೆರದ್ರ ಎರಡೂ ಬರ್ತಾವ. ಮೊದಲಿನ ಉರಿ ಎಲ್ಲಾ ಬರ್ತೈತಿ.”

“ಜೋಮು?”

“ಅದರ ಸಾಲು ಬ್ಯಾರೆ. ಅದು ಮುಚ್ಚೇ ಇರ್ತೈತಿ. ಹಿಡಿತ ಹೋಗೂದಿಲ್ಲ.”

“ಹಂಗಾದ್ರ ತೆರೀರಿ.”

“ವಿಚಾರ ಮಾಡ್ರಿ. ಈಗ ನಿದ್ದಿ ಬರ್ತೈತಿ ಅಂದಿದ್ರಿ. ನೀರು ನೋಡಾಕ ಮ್ಯಾಲಿನ ತೋಳು ಅದ್ದಬಹುದು. ಉಷ್ಣಮಾಪಕ ಇಡಬಹುದು.”

“ಮೇಡಮ್ಮಾರ, ಎರಿಯೂದು ನೀವು ನೋಡಿಲ್ಲ. ಒಂದ ಸಲ ನೋಡಿ ಬಿಡೂದಲ್ಲ ಅದು. ತಂಬಿಗಿ ತಂಬಿಗಿಗೂ ಬೆರಸ್ತೀವಿ. ಎಡಗೈಯಾಗ ಕೂಸು, ಬಲಗೈಯಾಗ ನೀರು. ತೋಳು ಅದ್ದಾಕ ಮೂರನೇ ಕೈ ಬೇಕು.”

“ಉರಿಯೋ ಕೈಗೆ ನೀರಿನ ಬಿಸಿ ಹೆಂಗ ತಿಳೀಬೇಕ್ರಿ ಮತ್ತ?”

ಹೊಳೆವ್ವನಿಗೆ ಈ ಪ್ರಶ್ನೆ ವಿಚಿತ್ರವೆನಿಸಿತು. “ಇಷ್ಟು ವರ್ಷ ಉರಿಯೋ ಕೈಲೇನ ಎರದೀನ್ರಿ. ಗೋದಾಮದಾಗಿಂದ ಬಂದು ಎರದೀನಿ. ಉರಿ ತನ್ನ ಜಾಗಾದಾಗ ಇರ್ತೈತಿ, ಬಿಸಿ ಅದರ ಮ್ಯಾಲ ಬರ್ತೈತಿ. ನೀವು ನನ್ನ ಕೈ ಸುಮ್ಮ ಇತ್ತು ಅಂತ ತಿಳಕೊಂಡೀರಿ. ಅದು ಯಾವತ್ತೂ ಸುಮ್ಮ ಇರಲಿಲ್ಲ.”

ಅನಸೂಯಾ ಇದನ್ನು ಬರೆದುಕೊಂಡಳು. ನಂಬಲಿಲ್ಲ. ನಂಬದಿರುವುದು ಅವಳ ಕೆಲಸ. ಉರಿಯ ಸಾಲನ್ನು ತೆರೆದಳು.

ಹೊಳೆವ್ವ ಕಣ್ಣು ಮುಚ್ಚಿದಳು. ಎರಡೂ ಕೈಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು ಸುಮಾರು ಕಾಲು ತಾಸು ಕೂತಳು. ಮೂರು ತಿಂಗಳ ಬಿಡುವಿನ ನಂತರ ಅದು ಮೊದಲಿಗಿಂತ ಹೆಚ್ಚೆನಿಸಿತು. ವಿರೂಪಾಕ್ಷ ಮಜ್ಜಿಗೆ ತರಲೇ ಎಂದು ಕೇಳಿದ. “ಕುಡಿಯಾಕ ತಾ. ಕೈಗೆ ಬ್ಯಾಡ. ಕೈಯಾಗಿಲ್ಲ ಅದು,” ಎಂದಳು.

ಮರುದಿನ ಮೇಜಿನ ಮೇಲೆ ಹನ್ನೆರಡು ಸ್ಟೀಲಿನ ಬೋಗುಣಿಗಳನ್ನು ಇಟ್ಟರು. ಮೂವತ್ತೈದು ಡಿಗ್ರಿಯಿಂದ ಐವತ್ತರವರೆಗೆ ನೀರು, ಯಾವುದು ಎಲ್ಲಿ ಎಂದು ವಿರೂಪಾಕ್ಷನಿಗೆ ಮಾತ್ರ ಗೊತ್ತು. ಅನಸೂಯಾಳ ಕಾಗದದಲ್ಲಿ ಮೂವತ್ತೊಂಬತ್ತರ ಮೇಲಿನದು ಕೂಸಿಗೆ ಸಲ್ಲದು. ಹೊಳೆವ್ವ ಒಂದೊಂದಕ್ಕೂ ಬೆರಳು ಅದ್ದಿ, ಆಗತೈತಿ, ಆಗೂದಿಲ್ಲ ಎನ್ನುತ್ತ ಹೋದಳು. ಆಮೇಲೆ ಅನಸೂಯಾ ತಾನೂ ನೋಡಿದಳು.

ಹೊಳೆವ್ವನದು ಎರಡು ತಪ್ಪು. ಅನಸೂಯಾಳದು ಮೂರು, ಅದರಲ್ಲಿ ಒಂದು ನಲವತ್ತಮೂರು ಡಿಗ್ರಿಯದನ್ನು ಆಗುತ್ತದೆ ಎಂದದ್ದು.

“ಮೇಡಮ್, ನಿಮ್ಮ ಕೈಯಾಗ ಕೂಸು ಕೊಡೂದಿಲ್ಲ ಬಿಡ್ರಿ,” ಎಂದ ವಿರೂಪಾಕ್ಷ.

ಮೂರು ದಿನ ಹೀಗೆ ಮಾಡಿದರು. ಹೊಳೆವ್ವ ಒಟ್ಟು ಐದು ಸಲ ತಪ್ಪಿದಳು. ಐದೂ ಒಂದೇ ಬಗೆ. ಕೂಸಿಗೆ ಆಗುವ ನೀರನ್ನು ಬಿಸಿ ಹೆಚ್ಚಾಯಿತೆಂದು ಬೇಡವೆಂದಿದ್ದಳು. ಉರಿಯುವ ಕೈಗೆ ಎಲ್ಲವೂ ಒಂದಿಷ್ಟು ಹೆಚ್ಚು ಬಿಸಿಯಾಗಿ ಕಾಣುತ್ತದೆ. ಬೇಡವೆನ್ನಬೇಕಾದ ನೀರನ್ನು ಒಮ್ಮೆಯೂ ಒಪ್ಪಿರಲಿಲ್ಲ. ಅನಸೂಯಾ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಕೈಗೆ ಕೊಟ್ಟಳು. ಕಲಿಕೆಗೆ ಮೊದಲು ಕೇಳುವ ಪ್ರಶ್ನೆಗಳ ಪಟ್ಟಿಯಲ್ಲಿ ಅಂದಿನಿಂದ ಮೊದಲನೆಯದು, ಮೂರು ದಿನದಲ್ಲಿ ಮನೆಯಲ್ಲಿ ಏನೇನು ಅಡುಗೆ ಮಾಡಿದಿರಿ ಎಂಬುದು.

ಮನೆಯಲ್ಲಿ ಶಿವಲೀಲಾ ಹಾಳೆಯನ್ನು ತೊಟ್ಟಿಲು ತೂಗುತ್ತ ಓದಿದಳು. ತಿರುಗಿಸಿ ಮತ್ತೊಮ್ಮೆ ಓದಿದಳು. ಹೊಳೆವ್ವ ಗೋಡೆಗೆ ಒರಗಿ ಕೂತಿದ್ದಳು, ಕೈಗಳನ್ನು ಒದ್ದೆಯ ಸೆರಗಿನಲ್ಲಿ ಸುತ್ತಿಕೊಂಡು. ಅದರಿಂದ ಏನೂ ಆಗದೆಂದು ಗೊತ್ತಿದ್ದೂ.

“ಉರೀತೈತೇನ ಬೇ?”

“ಐತಿ.”

“ನನ್ನ ಸಲುವಾಗಿ ಮಾಡಿದಿ ಅಂತ ಮುಂದ ಅನಬ್ಯಾಡ ನೀ. ನಾ ಕೇಳಿಲ್ಲ.”

“ನಿನ್ನ ಸಲುವಾಗಿ ಯಾರ ಮಾಡಿದ್ರು? ನನ್ನ ಕೈ ನನಗ ಬೇಕಾಗಿತ್ತು.”

ಶಿವಲೀಲಾ ಹಾಳೆಯ ಮೇಲಿನ ಅಂಕಿಗಳ ಮೇಲೆ ಬೆರಳಾಡಿಸಿದಳು. “ಐದೂ ಒಂದ ಕಡೆ ತಪ್ಪೈತಿ,” ಎಂದಳು. “ನಮ್ಮಲ್ಲಿ ಮೂರನೇ ಖೋಲಿ ಮಾಪಕ ಯಾವಾಗ್ಲೂ ಎರಡು ಡಿಗ್ರಿ ಜಾಸ್ತಿ ತೋರಸ್ತೈತಿ. ತಗದು ಒಗದಿಲ್ಲ ಅದನ್ನ. ಒಂದ ಕಡೆ ತಪ್ಪೋದನ್ನ ನಂಬಬಹುದು. ಆ ಕಡೆ ಈ ಕಡೆ ಎರಡೂ ತಪ್ಪೋದನ್ನ ನಂಬಾಕ ಬರೂದಿಲ್ಲ.”

“ನಾನು ಮೂರನೇ ಖೋಲಿ ಏನ?”

“ಹೂಂ. ಹಳೇ ಖೋಲಿ.”

ಮರುದಿನ ಹಂಡೆ ಕಾಯಿಸಿದರು. ನೋಡಲು ಖಾಸಿಂಬಿಯೂ ಬಂದಿದ್ದಳು, ಓಣಿಯ ಇನ್ನಿಬ್ಬರು ಮುದುಕಿಯರೂ ಬಂದಿದ್ದರು. ಹೊಳೆವ್ವ ಮಣೆಯ ಮೇಲೆ ಕೂತು ಬೆರೆಸಿದಳು, ಅದ್ದಿದಳು, ಕೈ ಹಿಂದೆಗೆದಳು. ತಣ್ಣೀರು ಹಾಕಿಸಿದಳು. ಮತ್ತೆ ಅದ್ದಿದಳು. ಇನ್ನೊಂದು ತಂಬಿಗೆ ತಣ್ಣೀರು ಎಂದಳು. ಬಕೆಟ್ಟಿನಿಂದ ಹಬೆ ಏಳುವುದು ನಿಂತಿತು. ಶಿವಲೀಲಾ ಒಂದು ಕೈಯಲ್ಲಿ ಕೂಸನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕಡ್ಡಿ ಇಳಿಸಿ ನೋಡಿದಳು. ಮೂವತ್ತಾರು.  ಕಡ್ಡಿಯನ್ನು ಒರೆಸಿ ಕಿಟಕಿಯಲ್ಲಿಟ್ಟು, ಕೂಸಿನ ಬಟ್ಟೆ ಬಿಚ್ಚಿ, ತಾಯಿಯ ಕಾಲಮೇಲೆ ಮಲಗಿಸಿದಳು. ಮಲಗಿಸಿ ಕೈ ತೆಗೆದಳು.

ಖಾಸಿಂಬಿ ಬಗ್ಗಿ ನೀರಿಗೆ ಬೆರಳಿಟ್ಟಳು. “ಹೊಳೆವ್ವಕ್ಕ, ಇದು ಕೂಸಿಗೆ ಎರಿಯಾಕೋ, ಕಾಲ ತೊಳಕೊಳ್ಳಾಕೋ? ನನ್ನ ಮಕ್ಕಳಿಗೆ ನೀ ಹೊಯ್ದ ನೀರು ಅಂದ್ರ ಮಕ್ಕಳು ಟೊಮ್ಯಾಟೊ ಆಗಿ ಬರ್ತಿದ್ವು.”

“ನನ್ನ ಕೈಗೆ ಇದು ಬಿಸಿ ಐತಿ.”

“ಎಲುಬು ಗಟ್ಟಿ ಆಗೂದಿಲ್ಲ ಇಂಥಾ ನೀರಾಗ,” ಎಂದಳು ಒಬ್ಬ ಮುದುಕಿ. ಇನ್ನೊಬ್ಬಳು ಹೌದೆಂದಳು. ಸಂಜೆಯೊಳಗೆ ಓಣಿಯಲ್ಲೆಲ್ಲ ಹೊಳೆವ್ವನ ನೀರು ಸಪ್ಪೆಯಾಯಿತೆಂಬ ಮಾತು ಹಬ್ಬುತ್ತದೆಂದು ಅವಳಿಗೆ ಗೊತ್ತಿತ್ತು. ಇನ್ನು ಯಾರೂ ಕರೆಯಲಿಕ್ಕಿಲ್ಲ.

ಅವಳು ಎಡಗೈಯನ್ನು ಕೂಸಿನ ಕುತ್ತಿಗೆಯ ಕೆಳಗೆ ಸೇರಿಸಿದಳು. ಬೆರಳುಗಳು ಉರಿಯುತ್ತಿದ್ದವು. ಆ ಉರಿಯ ಮೇಲೆ ಒದ್ದೆ ಕೂದಲು ತಿಳಿಯಿತು, ನೆತ್ತಿಯ ಮೆತ್ತನೆಯ ಜಾಗ ತಿಳಿಯಿತು, ಅಳುವ ಮೊದಲು ಕೂಸಿನ ಗಂಟಲಿನಲ್ಲಿ ಏಳುವ ಸಣ್ಣ ಬಿಗಿ ತಿಳಿಯಿತು. ತಂಬಿಗೆ ಎತ್ತಿದಳು.

ಬಿಸಿನೀರು ಹೊಯ್ಯಿಸಿಕೊಂಡ ಕೂಸುಗಳು ಸೋತು ಮೂರು ತಾಸು ಮಲಗುತ್ತವೆ. ಇದು ಒಂದೇ ತಾಸಿಗೆ ಎದ್ದು ಅತ್ತಿತು. ಶಿವಲೀಲಾಳಿಗೆ ಆಗಷ್ಟೇ ಕಣ್ಣು ಹತ್ತಿತ್ತು. ಹೊಳೆವ್ವ ಕೈಗೆ ಸುತ್ತಿಕೊಂಡಿದ್ದ ಒದ್ದೆ ಸೆರಗನ್ನು ಬಿಚ್ಚಿ, ಕೈ ಒರೆಸಿಕೊಂಡು, ಕೂಸನ್ನು ಎತ್ತಿಕೊಂಡಳು.